ನಾಳೆ ಬಾ

ಕೀಲಿಕೈ ಎರಡು ಕೊಟ್ಟರು. ಎರಡನ್ನೂ ಅವನೇ ಇಟ್ಟುಕೊಂಡ.
"ಒಂದು ನನ್ನ ಹತ್ತಿರ ಇರಲಿ ಅರ್ಮಾಂ, ಹೆಚ್ಚುಕಮ್ಮಿಗೆ" ಅಂದೆ.
"ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ" ಅಂದ
ನಲವತ್ತಮೂರರ ನನ್ನ ತಮ್ಮ,
ಮಾತು ಬರುವುದಕ್ಕೇ ಏಳು ವರ್ಷ ಹಿಡಿದವನು.

ಡಾರ್ಟ್‌ಮತ್‌ನ ದಿಬ್ಬದ ಮೇಲೆ, ದೋಣಿಕಟ್ಟೆಗೆ ಎರಡೇ ಸ್ಟಾಪು,
ನಾಲ್ಕಂತಸ್ತು, ಇಪ್ಪತ್ತಾರು ಮನೆ.
ಐದರಲ್ಲಿ ಅವನಂಥವರು.
(ಈ 'ಅವನಂಥವರು' ನನ್ನ ಬಾಯಿಂದಲೂ ಉದುರಿ ಹೋಗಲಿ.)
ಮೇಲೆ ಒಬ್ಬ ಮುದಿ ವೆಲ್ಡರ್. ಎದುರು ಮನೆಯಲ್ಲಿ
ರಾತ್ರಿಪಾಳಿಯ ನರ್ಸು ಲಿಗಾಯಾ, ಅವಳ ಅವಳಿ ಮಕ್ಕಳು.
ಕೆಳಗೆ ತುತ್ತೂರಿ ಕಲಿಯುವ ಹುಡುಗ, ಕಲಿಯುತ್ತಲೇ ಇರುವವನು.
ಬಾಡಿಗೆ, ಅವನಿಗೆ ಬರುವುದರಲ್ಲಿ ಮೂರನೆಯ ಒಂದು ಪಾಲು;
ಉಳಿದದ್ದು ಬಸ್ಸಿಗೆ, ಬ್ರೆಡ್ಡಿಗೆ, ಶನಿವಾರದ ಬೌಲಿಂಗಿಗೆ.

ಪಟ್ಟಿಗೆ ಹೆಸರು ಬರೆಸಿದಾಗ ಅಮ್ಮನ ಕೂದಲು ಕಪ್ಪಗಿತ್ತು.
ಕ್ರಮಸಂಖ್ಯೆ ನಾನೂರ ಹನ್ನೆರಡು. ಚೀಟಿಯನ್ನು
ಏಡಿಯ ಆಕಾರದ ಅಯಸ್ಕಾಂತದಲ್ಲಿ ಫ್ರಿಜ್ಜಿಗೆ ಅಂಟಿಸಿದಳು.
ವರ್ಷಕ್ಕೊಮ್ಮೆ ಫೋನು ಮಾಡುವಳು. ವರ್ಷಕ್ಕೊಮ್ಮೆ ಅದೇ ದನಿ:
ಮುಂದಿನ ಬಜೆಟ್ಟಿಗೆ ನೋಡೋಣ. ಚಳಿ ಕಳೆಯಲಿ, ಬನ್ನಿ.
ಮುನ್ನೂರ ತೊಂಬತ್ತಾಯಿತು.
ಮರುವರ್ಷವೂ ಮುನ್ನೂರ ತೊಂಬತ್ತೇ ಆಯಿತು.
"ಇವನಿಗಿಂತ ಒಂದೇ ಒಂದು ದಿನ ಹೆಚ್ಚಿಗೆ ಬದುಕಿಸು" ಎಂದು
ಯಾವ ತಾಯಿಯೂ ಬೇಡಬಾರದ ವರ ಬೇಡಿದಳು.
ಸಿಗಲೂ ಇಲ್ಲ.

ಅವಳನ್ನು ಮಣ್ಣು ಮಾಡಿದ ಹದಿನೇಳನೆಯ ದಿನ
ಅವನು ಊರಾಚೆಯ ದೊಡ್ಡ ಮನೆ ಸೇರಿದ.
ಮೂವತ್ತು ಮಂಚ, ಒಂದೇ ಬಣ್ಣದ ಮೂವತ್ತು ಟವೆಲ್ಲು.
ಕೆಟ್ಟವರಲ್ಲ ಅಲ್ಲಿಯವರು. ಹುಟ್ಟುಹಬ್ಬಕ್ಕೆ ಕೇಕೂ ತರುವರು,
ಮೇ ತಿಂಗಳಲ್ಲಿ ಹುಟ್ಟಿದವರಿಗೆಲ್ಲ ಸೇರಿ ಒಂದು.
ಆದರೆ ಫ್ರಿಜ್ಜಿಗೆ ಬೀಗ.
ಬಾಗಿಲು ತಟ್ಟುತ್ತಲೇ ಒಳಗೆ ಬಂದಿರುವ ದಾದಿಯರು;
ತಟ್ಟುವುದು ಕೇಳುವುದಕ್ಕಲ್ಲ, ಬಂದೆವೆಂದು ತಿಳಿಸುವುದಕ್ಕೆ.
ಒಂಬತ್ತು ವರ್ಷ. ಭಾನುವಾರ ನಾನು ಹೋದರೆ
ಬೆಳಗಿನಿಂದ ಕೋಟು ತೊಟ್ಟೇ ಕೂತಿರುತ್ತಿದ್ದ.
ನನ್ನ ಮನೆಯಲ್ಲಿ ಒಂದು ಸೋಫಾ ಇತ್ತು.
ಇತ್ತು. ಅದನ್ನು ಹೇಳದೆ ಮುಂದೆ ಹೋಗಲಾರೆ.

ಕಟ್ಟಡ ಏಳುವ ಮುಂಚೆ ಚರ್ಚಿನ ನೆಲಮಾಳಿಗೆಯಲ್ಲಿ ಸಭೆ.
ಎಲ್ಲ ಸಭ್ಯರು. "ನಮ್ಮದೇನೂ ಅಭ್ಯಂತರವಿಲ್ಲ, ಆದರೆ..."
ಆದರೆ ಮನೆಗಳ ಬೆಲೆ. ಆದರೆ ಮಕ್ಕಳು ಆಡುವ ಜಾಗ.
ಆದರೆ ಪಾರ್ಕಿಂಗು, ಪಾರ್ಕಿಂಗು, ಪಾರ್ಕಿಂಗು.
ಅರ್ಮಾಂ ಕೈ ಎತ್ತಿದ. ಮೈಕು ಕೊಟ್ಟರು.
"ನನ್ನ ಹತ್ತಿರ ಕಾರಿಲ್ಲ" ಅಂದ. ಕೂತ.

ಸಾಮಾನು ಇಳಿಸಿದ ರಾತ್ರಿ ಅವನು ಮಾಡಿದ್ದು ಇಷ್ಟೇ:
ಫ್ರಿಜ್ಜು ತೆಗೆದ, ಮುಚ್ಚಿದ, ತೆಗೆದ.
ಒಳಗೆ ಹಾಲು, ಸಾಸಿವೆಯ ಬಾಟಲು, ಬೆಳಕು.
ಹೊರಗೆ ಅಮ್ಮನ ಏಡಿ, ಏನನ್ನೂ ಹಿಡಿದುಕೊಳ್ಳದೆ.

ಬುಧವಾರ ಸೂಪು ಮಾಡಿ, ಡಬ್ಬಿಗೆ ತುಂಬಿ, ಹೇಳದೆ ಹೋದೆ.
ಬಂದರಿನ ತುಂಬ ಮಂಜು, ಹಡಗೊಂದು ಎಲ್ಲೋ ಗೋಳಿಡುತ್ತಿತ್ತು.
ಬೆಲ್ಲು ಒತ್ತಿದೆ. ಟೀವಿಯ ಸದ್ದು ತಗ್ಗಿತು.
ಚಪ್ಪಲಿ ಎಳೆದ ಸಪ್ಪಳ. ಬಾಗಿಲ ಪುಟ್ಟ ಗಾಜುಗಣ್ಣು ಕಪ್ಪಾಯಿತು.
"ಯಾರು?"

ಹುಟ್ಟಿದಾಗಿನಿಂದ ಯಾರನ್ನೂ ಅವನು
ಈ ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

"ನಾನು, ಓಡೆಟ್. ಸೂಪು ತಂದಿದ್ದೇನೆ."
ಒಳಗೆ ಸ್ವಲ್ಪ ಹೊತ್ತು ಯೋಚನೆ.
"ಟೀವಿಯಲ್ಲಿ ಮ್ಯಾಚಿದೆ" ಅಂದ. "ನಾಳೆ ಬಾ."

ಎಷ್ಟು ಕಚೇರಿಗಳು, ಎಷ್ಟು ಕಿಟಕಿಗಳು
ಇವೇ ಎರಡು ಪದ ಹೇಳಿ ಕಳಿಸಿದ್ದವು ನಮ್ಮನ್ನು.
ಎಂದೂ ಅವು ಹೀಗೆ ಕೇಳಿಸಿರಲಿಲ್ಲ.

ಪಾಳಿಗೆ ಹೊರಟ ಲಿಗಾಯಾ ಬೂಟಿನ ದಾರ ಕಟ್ಟುತ್ತ
"ಬಾಗಿಲು ತೆಗೆಯಲಿಲ್ಲವೇ?" ಅಂದಳು.
"ಇಲ್ಲ" ಅಂದೆ. ಗಂಟಲು ಅಷ್ಟು ಸರಿಯಿರಲಿಲ್ಲ.
ಸೂಪನ್ನು ಅವಳ ಕೈಗಿಟ್ಟೆ.
ಮೆಟ್ಟಿಲಿಳಿಯುವಾಗ, ಕೆಳಗಿಂದ ತುತ್ತೂರಿಯ ಅದೇ ತಪ್ಪು ಸ್ವರ,
ಮೇಲಿಂದ
ಗೋಲು ಬಿದ್ದ ಕೂಗು, ಅವನದೇ.